ದುಡ್ಡಿನ ಮುಗ್ಗಟ್ಟಿನಲ್ಲಿ ಎಲ್‌ಜಿಬಿಟಿ ಸಮುದಾಯ ಕೇಂದ್ರ ಉಳಿಸಿಕೊಳ್ಳುವುದು ಹೇಗೆ?

2025ರ ಜನವರಿಯಲ್ಲಿ ಅಮೆರಿಕ ಸರ್ಕಾರ ತನ್ನ ವಿದೇಶಿ ನೆರವನ್ನು ಏಕಾಏಕಿ ತಡೆಹಿಡಿಯಿತು. ಹೈದರಾಬಾದಿನಲ್ಲಿ 2021ರಿಂದ ಟ್ರಾನ್ಸ್‌ಜೆಂಡರ್ ಜನರಿಗೆಂದೇ ನಡೆಯುತ್ತಿದ್ದ ಮಿತ್ರ್ ಕ್ಲಿನಿಕ್ ಬಾಗಿಲು ಹಾಕಿತು. ಕಲ್ಯಾಣ್ ಮತ್ತು ಪುಣೆಯಲ್ಲಿದ್ದ ಅದರ ಜೊತೆಯ ಕ್ಲಿನಿಕ್‌ಗಳೂ ನಿಂತವು. ಕೆಲಸ ಚೆನ್ನಾಗಿ ನಡೆಯುತ್ತಿರಲಿಲ್ಲ ಎಂದಲ್ಲ, ದುಡ್ಡು ಬರುವ ದಾರಿ ಒಂದೇ ಇತ್ತು.

ಕರ್ನಾಟಕಕ್ಕೂ ಇದರ ಅನುಭವ ಇದೆ. 2003ರಲ್ಲಿ ಗೇಟ್ಸ್ ಫೌಂಡೇಶನ್ ಶುರು ಮಾಡಿದ ಆವಾಹನ್ ಕಾರ್ಯಕ್ರಮ ಆರಿಸಿಕೊಂಡ ಆರು ರಾಜ್ಯಗಳಲ್ಲಿ ನಮ್ಮದೂ ಒಂದು. ಎಚ್‌ಐವಿ ತಡೆಗೆ ಬಂದ ಆ ಹಣದಿಂದ ಎಷ್ಟೋ ಊರುಗಳಲ್ಲಿ ಡ್ರಾಪ್-ಇನ್ ಸೆಂಟರ್‌ಗಳು, ಅಂದರೆ ಸಮುದಾಯದವರು ಬಂದು ಕೂರಬಹುದಾದ ಜಾಗಗಳು, ಶುರುವಾದವು. 2009ರಿಂದ 2013ರ ನಡುವೆ ಆ ಕೆಲಸ ಹಂತ ಹಂತವಾಗಿ ಸರ್ಕಾರದ ಕೈಗೆ ಹೋಯಿತು. ಪರೀಕ್ಷೆ, ಕಾಂಡೋಮ್, ಔಷಧಿಗೆ ಬಜೆಟ್ ಇದ್ದೇ ಇತ್ತು. ಆದರೆ ಪೊಲೀಸ್ ಠಾಣೆಗೆ ಓಡುವುದು, ಮನೆಯಿಂದ ಹೊರದಬ್ಬಿಸಿಕೊಂಡವರಿಗೆ ಒಂದು ರಾತ್ರಿಯ ಆಸರೆ, ಸಂಜೆ ನಾಲ್ಕು ಜನ ಸುಮ್ನೆ ಕೂತು ಮಾತಾಡುವ ಜಾಗ, ಇವಕ್ಕೆ ಬಜೆಟ್‌ನಲ್ಲಿ ಹೆಡ್ (ಖರ್ಚಿನ ಬಾಬ್ತು) ಸಿಗುವುದು ಕಷ್ಟ.

ಆದರೆ ಜನ ಕೇಂದ್ರಕ್ಕೆ ಬರುವುದೇ ಅದಕ್ಕೆ. ಪಿಜಿಯಲ್ಲಿ ಯಾರಿಗೂ ಹೇಳಿಕೊಳ್ಳಲಾಗದ ಹುಡುಗ, ಊರು ಬಿಟ್ಟು ಬಂದ ಇಬ್ಬರು ಹುಡುಗಿಯರು, ಗುರುತಿನ ಚೀಟಿಗೆ ಅರ್ಜಿ ಹಾಕಲು ಬಂದ ಜೋಗಪ್ಪ, ಇವರಿಗೆಲ್ಲ ಮೊದಲು ಬೇಕಿರುವುದು ತೆರೆದ ಬಾಗಿಲು ಮತ್ತು ಒಳಗೆ ತಮ್ಮ ಹಾಗೇ ಇರುವ ಒಬ್ಬ ಮನುಷ್ಯ. ಕೈ ಬಿಗಿಯಾದಾಗ ಈ ಎರಡನ್ನು ಉಳಿಸಿಕೊಳ್ಳುವುದು ಹೇಗೆ ಎಂಬುದಷ್ಟೇ ಇಲ್ಲಿನ ವಿಷಯ. ಬೆಂಗಳೂರಿನ ಟ್ರಸ್ಟ್ ಇರಲಿ, ಜಿಲ್ಲಾ ಕೇಂದ್ರದ ಸಣ್ಣ ಸಂಘ ಇರಲಿ, ಹೆಚ್ಚುಕಮ್ಮಿ ದಾರಿ ಒಂದೇ.

ಹಂತ 1: ಎಷ್ಟು ತಿಂಗಳು ಉಸಿರಿದೆ, ನೋಡಿ

ಬ್ಯಾಂಕ್ ಪಾಸ್‌ಬುಕ್ಕಿನ ಮೊತ್ತ ನೋಡಿ ಸಮಾಧಾನ ಪಡಬೇಡಿ. ಅದರಲ್ಲಿ ಪ್ರಾಜೆಕ್ಟ್ ಹಣ ಎಷ್ಟು, ನಿಮ್ಮ ಸ್ವಂತ ಹಣ ಎಷ್ಟು ಎಂದು ಮೊದಲು ಬೇರೆ ಮಾಡಿ. ಪ್ರಾಜೆಕ್ಟ್ ಹಣ ಯಾವ ಕೆಲಸಕ್ಕೆ ಬಂದಿದೆಯೋ ಅದಕ್ಕೇ ಕಟ್ಟುಬಿದ್ದಿದೆ. ಮಂಜೂರಾಗಿ ಇನ್ನೂ ಬಿಡುಗಡೆಯಾಗದ ಕಂತನ್ನು ಲೆಕ್ಕಕ್ಕೇ ಹಿಡಿಯಬೇಡಿ. ಆರ್ಡರ್ ಕೈಯಲ್ಲಿದೆ ಎಂದು ಬಾಡಿಗೆ ಕಟ್ಟೋಕೆ ಆಗಲ್ಲ, ಅಲ್ವಾ?

ಆಮೇಲೆ ತಿಂಗಳ ಕಡ್ಡಾಯ ಖರ್ಚು ಬರೆಯಿರಿ: ಬಾಡಿಗೆ, ಕರೆಂಟು, ನೀರು, ಸಂಬಳ, ಪಿಎಫ್, ಫೋನ್, ಇಂಟರ್ನೆಟ್. ಆಡಿಟರ್ ಫೀಸಿನಂಥ ವರ್ಷದ ಖರ್ಚನ್ನು ಹನ್ನೆರಡರಿಂದ ಭಾಗಿಸಿ ಇದಕ್ಕೇ ಸೇರಿಸಿ. ಸ್ವಂತ ಹಣವನ್ನು ಈ ಮೊತ್ತದಿಂದ ಭಾಗಿಸಿದರೆ ನಿಮಗಿರುವ ತಿಂಗಳುಗಳು ಸಿಗುತ್ತವೆ. ಆರಕ್ಕಿಂತ ಕಡಿಮೆ ಬಂದರೆ ಈ ಲೇಖನದ ಕೆಲಸ ಇವತ್ತೇ ಶುರು ಮಾಡಿ. ಮೂರಕ್ಕಿಂತ ಕಡಿಮೆ ಇದ್ದರೆ ಕೊನೆಯ ಹಂತವನ್ನೂ ಈಗಲೇ ಓದಿಕೊಳ್ಳಿ.

ಮನೆ ಮಾಲೀಕರಿಗೆ ಕೊಟ್ಟ ಅಡ್ವಾನ್ಸ್ ಬೇರೆ ಸಾಲಿನಲ್ಲಿರಲಿ. ಬೆಂಗಳೂರಿನಲ್ಲಿ ಹತ್ತು ತಿಂಗಳ ಬಾಡಿಗೆಯಷ್ಟು ಅಡ್ವಾನ್ಸ್ ಕೊಟ್ಟಿರುವ ಕೇಂದ್ರಕ್ಕೆ ಅದೇ ದೊಡ್ಡ ಆಸ್ತಿ. ಆದರೆ ಖಾಲಿ ಮಾಡಿದ ಮೇಲೇ ಅದು ಕೈಗೆ ಬರುವುದು, ಅದರಲ್ಲೂ ಪೇಂಟಿಂಗ್‌ಗೆಂದು ಒಂದು ತಿಂಗಳದ್ದು ಸಾಮಾನ್ಯವಾಗಿ ಕಟ್ಟಾಗುತ್ತದೆ.

ಇಲ್ಲೊಂದು ಎಚ್ಚರಿಕೆ. ಸಂಬಳದ ದಿನ ಬಂದಾಗ ಪ್ರಾಜೆಕ್ಟ್ ಹಣದಿಂದ ಸ್ವಲ್ಪ ತೆಗೆದು ಆಮೇಲೆ ತುಂಬಿಸೋಣ ಅನ್ನಿಸುತ್ತದೆ. ಖಂಡಿತ ಮಾಡಬೇಡಿ. ಹಣ ಕೊಟ್ಟ ಉದ್ದೇಶಕ್ಕೇ ಖರ್ಚಾಗಿದೆ ಎಂಬ ಬಳಕೆ ಪ್ರಮಾಣಪತ್ರ ಕೊಡಲು ಆಗದಿದ್ದರೆ ಮುಂದಿನ ಕಂತು ನಿಲ್ಲುತ್ತದೆ, ಆಗ ಒಂದು ತೂತು ಎರಡಾಗುತ್ತದೆ. ವಿದೇಶಿ ದೇಣಿಗೆ ವಿಷಯದಲ್ಲಂತೂ ಇದು ಕಾನೂನಿನ ಪ್ರಶ್ನೆ. ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆಗೆ (ಎಫ್‌ಸಿಆರ್‌ಎ) 2020ರಲ್ಲಿ ಆದ ತಿದ್ದುಪಡಿಯ ನಂತರ ಆ ಹಣದಲ್ಲಿ ಆಡಳಿತದ ಖರ್ಚು 20% ದಾಟುವಂತಿಲ್ಲ, ಮೊದಲು 50% ಇತ್ತು. ಒಂದು ಸಂಸ್ಥೆ ಪಡೆದ ವಿದೇಶಿ ಹಣವನ್ನು ಇನ್ನೊಂದಕ್ಕೆ ಹಂಚುವಂತೆಯೂ ಇಲ್ಲ. ದೊಡ್ಡ ಸಂಸ್ಥೆಗಳಿಂದ ಉಪ-ಅನುದಾನ ಪಡೆದು ನಡೆಯುತ್ತಿದ್ದ ಸಣ್ಣ ಸಮುದಾಯ ಸಂಘಗಳಿಗೆ ಅಂದು ಬಿದ್ದ ಪೆಟ್ಟು ಸಣ್ಣದಲ್ಲ.

ಹಂತ 2: ಮುಚ್ಚಿಡಬೇಡಿ

ಲೆಕ್ಕ ಸಿಕ್ಕ ವಾರದಲ್ಲೇ ಟ್ರಸ್ಟಿಗಳಿಗೆ ಹೇಳಿ. ಆಮೇಲೆ ಕೆಲಸಗಾರರಿಗೆ, ಆಮೇಲೆ ಸಮುದಾಯಕ್ಕೆ. ಈ ಮೂರರ ನಡುವೆ ತಿಂಗಳುಗಳ ಅಂತರ ಬೇಡ. ನಮ್ಮ ಜಗತ್ತು ಚಿಕ್ಕದು, ಸುದ್ದಿ ಹೇಗೂ ಹಬ್ಬುತ್ತದೆ. ನಿಮ್ಮ ಬಾಯಿಂದ ಬರದಿದ್ದರೆ "ದುಡ್ಡು ನುಂಗಿದರಂತೆ" ಎಂಬ ರೂಪದಲ್ಲಿ ಬರುತ್ತದೆ.

ಕೆಲಸಗಾರರ ಮಾತನ್ನು ಇಲ್ಲಿ ವಿಶೇಷವಾಗಿ ಹೇಳಬೇಕು. ಇಂಥ ಕೇಂದ್ರಗಳಲ್ಲಿ ಪಿಯರ್ ಎಜುಕೇಟರ್ (ತಮ್ಮಂಥವರಿಗೆ ತಿಳಿವಳಿಕೆ ಕೊಡುವವರು), ಕೌನ್ಸೆಲರ್, ಫೀಲ್ಡ್ ವರ್ಕರ್ ಆಗಿರುವವರಲ್ಲಿ ಬಹಳಷ್ಟು ಜನ ಸಮುದಾಯದವರೇ. ಒಬ್ಬ ಟ್ರಾನ್ಸ್ ಮಹಿಳೆಗೆ ಇದು ಜೀವನದ ಮೊದಲ ತಿಂಗಳ ಸಂಬಳ ಆಗಿರಬಹುದು. ಹೊರಗೆ ಹೋದರೆ ಬೇರೆ ಕಡೆ ಕೆಲಸ ಸಿಗುತ್ತದೆ ಎಂಬ ಭರವಸೆ ಆಕೆಗಿಲ್ಲ. ಬಾಡಿಗೆ ಮನೆಗೆ ಕೊಟ್ಟ ವಿಳಾಸದ ಪತ್ರ, ಮನೆಯವರ ಎದುರು ಎತ್ತಿದ ತಲೆ, ಎಲ್ಲವೂ ಆ ಕೆಲಸದ ಮೇಲೆ ನಿಂತಿವೆ. ಹಾಗಾಗಿ ಮುಂಚೆ ತಿಳಿಯುವುದು ಅವರ ಹಕ್ಕು. ಲೆಕ್ಕದ ಹಾಳೆಯನ್ನೇ ಮೇಜಿನ ಮೇಲಿಟ್ಟು ಕನ್ನಡದಲ್ಲಿ ವಿವರಿಸಿ. ಎಲ್ಲಿ ಉಳಿಸಬಹುದು ಎಂದು ಅವರನ್ನೇ ಕೇಳಿ. ಎಲ್ಲಿ ದುಡ್ಡು ಸೋರುತ್ತಿದೆ ಎಂದು ಟ್ರಸ್ಟಿಗಳಿಗಿಂತ ಅವರಿಗೇ ಚೆನ್ನಾಗಿ ಗೊತ್ತಿರುತ್ತದೆ.

ಈಗಿರುವ ಫಂಡರ್‌ಗಳಿಗೂ ಬೇಗ ಬರೆಯಿರಿ. ಹೊಸ ಹಣ ಕೊಡದವರೂ ಎರಡು ಸಹಾಯ ಮಾಡಬಲ್ಲರು: ಉಳಿದ ಹಣಕ್ಕೆ ಅವಧಿ ವಿಸ್ತರಣೆ, ಮತ್ತು ಒಂದು ಹೆಡ್‌ನ ಹಣವನ್ನು ಇನ್ನೊಂದಕ್ಕೆ ಬದಲಾಯಿಸಲು ಒಪ್ಪಿಗೆ. ಕಾರ್ಯಾಗಾರಕ್ಕೆ ಇಟ್ಟದ್ದು ಬಾಡಿಗೆಗೆ ಬಂದರೆ ಎರಡು ತಿಂಗಳು ಉಳಿಯುತ್ತದೆ. ಒಪ್ಪಿಗೆ ಇಮೇಲ್‌ನಲ್ಲಿ ಬರಲಿ, ಫೋನಿನ ಮಾತು ಆಡಿಟ್‌ನಲ್ಲಿ ನಿಲ್ಲುವುದಿಲ್ಲ.

ಹಂತ 3: ಏನು ಕಡಿಯಬೇಕು, ಏನು ಮುಟ್ಟಬಾರದು

ಮುಟ್ಟಬಾರದ್ದನ್ನು ಮೊದಲು ಬರೆಯಿರಿ. ನನ್ನ ಪ್ರಕಾರ ಅವು ನಾಲ್ಕು: ಸಹಾಯವಾಣಿಯ ಫೋನು, ವಾರಕ್ಕೆ ಇಂತಿಷ್ಟು ಗಂಟೆ ಬಾಗಿಲು ತೆರೆದಿರುವುದು, ತುರ್ತು ಕೇಸ್‌ಗಳಿಗೆ ಓಡುವ ಒಬ್ಬರು, ಜನರ ಗುಟ್ಟಿನ ದಾಖಲೆಗಳ ಕಾವಲು. ಉಳಿದದ್ದೆಲ್ಲ ಚರ್ಚೆಗೆ ಬರಬಹುದು.

ಫೋನನ್ನು ಮೊದಲು ಹೇಳಿದ್ದಕ್ಕೆ ಕಾರಣವಿದೆ. ಸಿಮ್ ರೀಚಾರ್ಜ್ ಆಗದೆ, ಬಳಕೆಯಿಲ್ಲದೆ ತಿಂಗಳುಗಟ್ಟಲೆ ಬಿದ್ದಿದ್ದರೆ ಕಂಪನಿ ಆ ನಂಬರನ್ನು ಬೇರೆಯವರಿಗೆ ಕೊಟ್ಟುಬಿಡುತ್ತದೆ. ನಿಮ್ಮ ನಂಬರ್ ಕರಪತ್ರಗಳಲ್ಲಿ, ಆಸ್ಪತ್ರೆ ಗೋಡೆಗಳಲ್ಲಿ, ಎಷ್ಟೋ ಜನರ ಪರ್ಸಿನ ಮೂಲೆಯಲ್ಲಿ ಉಳಿದಿರುತ್ತದೆ. ಹೆದರಿದ ಹುಡುಗನೊಬ್ಬ ರಾತ್ರಿ ಕರೆ ಮಾಡಿ, ಗುರುತಿಲ್ಲದ ಯಾರದೋ ಮುಂದೆ ತನ್ನ ವಿಷಯ ಹೇಳಿಕೊಂಡರೆ? ವೆಬ್‌ಸೈಟಿನ ಹೆಸರಿಗೂ ಇದೇ ಮಾತು. ಎರಡಕ್ಕೂ ಆಗುವ ಖರ್ಚು ತೀರಾ ಕಡಿಮೆ. ಒಂದು ವರ್ಷದ್ದು ಈಗಲೇ ಕಟ್ಟಿಬಿಡಿ.

ಕಡಿಯುವಾಗ ಕಾರ್ಯಕ್ರಮ, ಬ್ಯಾನರ್, ಮುದ್ರಣ, ಹೊರಗಿನ ಸಮ್ಮೇಳನಗಳ ಪ್ರಯಾಣದಿಂದ ಶುರು ಮಾಡಿ. ಫೀಲ್ಡ್ ವರ್ಕರ್‌ಗಳ ಬಸ್ ಖರ್ಚನ್ನೂ ನೋಡಿ. 2023ರ ಜೂನ್‌ನಲ್ಲಿ ಬಂದ ಶಕ್ತಿ ಯೋಜನೆಯಲ್ಲಿ ಮಹಿಳೆಯರ ಜೊತೆ ಟ್ರಾನ್ಸ್‌ಜೆಂಡರ್ ವ್ಯಕ್ತಿಗಳಿಗೂ ರಾಜ್ಯದ ಸಾಮಾನ್ಯ ಸರ್ಕಾರಿ ಬಸ್‌ಗಳಲ್ಲಿ ಉಚಿತ ಪ್ರಯಾಣವಿದೆ. ಗುರುತಿನ ದಾಖಲೆ ಸರಿಯಿಲ್ಲದೆ ಟಿಕೆಟ್ ಕೊಳ್ಳುತ್ತಿರುವವರಿಗೆ ಮೊದಲು ಆ ದಾಖಲೆ ಮಾಡಿಸಿಕೊಡಿ.

ಸಂಬಳ ಇಳಿಸಲೇಬೇಕಾದರೆ ಮೇಲಿನಿಂದ ಇಳಿಸಿ. ಅರ್ಧ ಸಂಬಳಕ್ಕೆ ಪೂರ್ತಿ ಕೆಲಸ ಮಾಡಿಸುವುದು ಅನ್ಯಾಯ, ದಿನಗಳನ್ನೂ ಕಡಿಮೆ ಮಾಡಿ. ಉಳಿದ ದಿನ ಅವರು ಬೇರೆ ಸಂಪಾದನೆ ನೋಡಿಕೊಳ್ಳಲಿ. "ಮುಂದಿನ ತಿಂಗಳು ಸೇರಿಸಿ ಕೊಡ್ತೀವಿ" ಎಂಬ ಮಾತನ್ನು ಒಮ್ಮೆ ಆಡಿದರೆ ನಿಲ್ಲಿಸುವುದು ಕಷ್ಟ. ಬಾಕಿ ಬೆಳೆಯುತ್ತದೆ, ಸ್ನೇಹ ಕೆಡುತ್ತದೆ. ಇನ್ನೊಂದು ಮಾತು: ಕೆಲಸಗಾರರ ಸಂಬಳದಿಂದ ಹಿಡಿದ ಪಿಎಫ್ ಹಣವನ್ನು ಕಟ್ಟದೆ ಬೇರೆಯದಕ್ಕೆ ಬಳಸುವುದು ಅಪರಾಧ, ಅದಕ್ಕೆ ಟ್ರಸ್ಟಿಗಳು ಹೊಣೆಯಾಗಬೇಕಾಗುತ್ತದೆ.

ಹಂತ 4: ಜಾಗ

ಬಾಡಿಗೆಯೇ ದೊಡ್ಡ ಹೊರೆ, ಆದ್ದರಿಂದ ಎಲ್ಲರ ಕಣ್ಣೂ ಮೊದಲು ಅಲ್ಲಿಗೇ ಹೋಗುತ್ತದೆ. ಆದರೆ ಅವಸರ ಬೇಡ. ಟ್ರಾನ್ಸ್ ಜನ ಓಡಾಡುವ ಕಚೇರಿಗೆ ಮನೆ ಸಿಗುವುದು ಎಷ್ಟು ಕಷ್ಟ ಎಂದು ಹುಡುಕಿದವರಿಗೇ ಗೊತ್ತು. ಎದುರು ಮನೆಯವರು ದುರುಗುಟ್ಟಿ ನೋಡುವುದು ನಿಂತಿರುತ್ತದೆ, ಬೀದಿ ಕೊನೆಯ ಟೀ ಅಂಗಡಿಯವರು ಅಕ್ಕ ಎಂದು ಮಾತಾಡಿಸುತ್ತಿರುತ್ತಾರೆ, ಬೀಟ್ ಪೊಲೀಸರಿಗೆ ನಿಮ್ಮ ಪರಿಚಯವಾಗಿರುತ್ತದೆ. ಈ ಹೊಂದಾಣಿಕೆಗೆ ವರ್ಷಗಳು ಹಿಡಿದಿವೆ, ಹೊಸ ಬೀದಿಯಲ್ಲಿ ಎಲ್ಲ ಮೊದಲಿನಿಂದ ಶುರು. ಬಸ್ ಸ್ಟ್ಯಾಂಡಿಗೆ ನಡೆದುಹೋಗುವಷ್ಟು ಹತ್ತಿರ ಇದ್ದ ಕೇಂದ್ರವನ್ನು ಊರಾಚೆಗೆ ಒಯ್ದರೆ ಬಾಡಿಗೆ ಉಳಿಯಬಹುದು, ಬರುವ ಜನ ಕಮ್ಮಿಯಾಗುತ್ತಾರೆ.

ಮೊದಲು ಮಾಲೀಕರ ಹತ್ತಿರ ಕೂತು ಮಾತಾಡಿ. ಕೆಲವು ತಿಂಗಳ ಬಾಡಿಗೆಯನ್ನು ಅಡ್ವಾನ್ಸ್‌ನಲ್ಲೇ ಹಿಡಿದುಕೊಳ್ಳಿ ಎಂದು ಕೇಳಬಹುದು. ಹನ್ನೊಂದು ತಿಂಗಳ ಕರಾರು ಮುಗಿಯುವಾಗ ಬರುವ ಏರಿಕೆಯನ್ನು ಈ ವರ್ಷ ಬಿಡಿ ಎಂದೂ ಕೇಳಬಹುದು. ಒಪ್ಪಿದ್ದನ್ನು ಬರೆಸಿಕೊಳ್ಳಿ.

ಎರಡನೇ ದಾರಿ ಹಂಚಿಕೊಳ್ಳುವುದು. ಬೆಂಗಳೂರಿನಲ್ಲಿ 2008ರಲ್ಲಿ ಶುರುವಾದ ಪ್ರೈಡ್ ಮೆರವಣಿಗೆಯ ಬೆನ್ನಿಗೆ ಲೈಂಗಿಕ ಕಾರ್ಯಕರ್ತೆಯರು ಮತ್ತು ಲೈಂಗಿಕ ಅಲ್ಪಸಂಖ್ಯಾತರು ಒಟ್ಟಾಗಿ ಕಟ್ಟಿದ ಒಕ್ಕೂಟ ನಿಂತಿದೆ. ಮಹಿಳಾ ಸಂಘಟನೆ, ದಲಿತ ಸಂಘಟನೆ, ಕಾರ್ಮಿಕ ಸಂಘ, ಅಂಗವಿಕಲರ ಸಂಸ್ಥೆಗಳ ಜೊತೆ ನಮ್ಮ ಓಡಾಟ ಹಳೆಯದು. ಅವರ ಕಚೇರಿಯಲ್ಲಿ ಸಂಜೆ ಮತ್ತು ಭಾನುವಾರ ಖಾಲಿ ಇರುವ ಕೋಣೆ ಕೇಳಿ. ಅಥವಾ ನಿಮ್ಮಲ್ಲೇ ಒಂದು ಕೋಣೆ ಅವರಿಗೆ ಕೊಟ್ಟು ಬಾಡಿಗೆ ಹಂಚಿಕೊಳ್ಳಿ, ಕರಾರಿನಲ್ಲಿ ಅದಕ್ಕೆ ಅವಕಾಶ ಇದೆಯೇ ನೋಡಿಕೊಂಡು. ಒಪ್ಪುವ ಮುಂಚೆ ಇಷ್ಟು ಖಾತ್ರಿಯಾಗಲಿ: ಬೀಗ ಹಾಕುವ ಬೀರು ನಿಮ್ಮದೇ ಇರಬೇಕು. ಶೌಚಾಲಯದ ವಿಷಯದಲ್ಲಿ ಟ್ರಾನ್ಸ್ ಜನರನ್ನು ಯಾರೂ ತಡೆಯಬಾರದು. ಕೌನ್ಸೆಲಿಂಗ್ ನಡೆಯುವಾಗ ಮಾತು ಹೊರಗೆ ಕೇಳಬಾರದು. ಇವು ಮೂರೂ ಸಿಗದ ಜಾಗ ಪುಕ್ಕಟೆ ಬಂದರೂ ಬೇಡ.

ಜಾಗ ಬದಲಾಯಿಸುವ ದಿನ ಕಡತಗಳ ಮೇಲೆ ಕಣ್ಣಿರಲಿ. ಹಳೆ ರಿಜಿಸ್ಟರ್‌ಗಳಲ್ಲಿ ಹೆಸರು, ವಿಳಾಸ, ಎಚ್‌ಐವಿ ಫಲಿತಾಂಶ, ಮನೆಯ ಜಗಳ ಎಲ್ಲ ಇರುತ್ತದೆ. ಅವನ್ನು ಗುಜರಿಗೆ ಹಾಕಬಾರದು. 2017ರ ಎಚ್‌ಐವಿ ಮತ್ತು ಏಡ್ಸ್ ಕಾಯ್ದೆ ಪ್ರಕಾರ ಈ ಮಾಹಿತಿ ಕಾಪಾಡುವುದು ಅದನ್ನು ಇಟ್ಟುಕೊಂಡವರ ಹೊಣೆ. ಇಡಬೇಕಾದ ಅವಧಿ ಮುಗಿದವನ್ನು ಟ್ರಸ್ಟಿಯೊಬ್ಬರ ಎದುರಿನಲ್ಲೇ ಚೂರು ಮಾಡಿಸಿ. ಉಳಿದವನ್ನು ಪಟ್ಟಿ ಮಾಡಿ, ಟೆಂಪೋದಲ್ಲಿ ಜೊತೆಗೇ ಕೂತು ಒಯ್ಯಿರಿ.

ಹಂತ 5: ಹಣ ತರುವುದು

ಕಟ್ಟುಪಾಡಿಲ್ಲದ ಹಣ ಹೆಚ್ಚಾಗಿ ಬರುವುದು ಸಾಮಾನ್ಯ ಜನರಿಂದ. 200 ಜನ ತಿಂಗಳಿಗೆ 500 ರೂಪಾಯಿ ಕೊಟ್ಟರೆ ಒಂದು ಲಕ್ಷ. ಬಹಳಷ್ಟು ಸಣ್ಣ ಕೇಂದ್ರಗಳ ಬಾಡಿಗೆ, ಫೋನು, ಒಬ್ಬಿಬ್ಬರ ಸಂಬಳ ಅದರಲ್ಲಿ ನಡೆಯುತ್ತದೆ. ಒಂದೇ ಸಲದ ದೊಡ್ಡ ಮನವಿಗಿಂತ ತಿಂಗಳು ತಿಂಗಳು ತಾನಾಗಿ ಕಡಿತವಾಗುವ ಯುಪಿಐ ಆಟೋಪೇ ಕೇಳಿ. ಕ್ಯೂಆರ್ ಕೋಡ್ ಸಂಸ್ಥೆಯ ಖಾತೆಯದ್ದೇ ಇರಲಿ, ಯಾರೊಬ್ಬರ ಸ್ವಂತ ಖಾತೆಗೂ ಹಣ ಹಾಕಿಸಬೇಡಿ.

ನಮ್ಮ ದಾನಿಗಳಲ್ಲಿ ಹಲವರು ಮನೆಯಲ್ಲಿ ಹೇಳಿಕೊಳ್ಳದವರು. ಹೆಂಡತಿ ಅಥವಾ ಅಪ್ಪ ನೋಡುವ ಜಂಟಿ ಖಾತೆಯ ಸ್ಟೇಟ್‌ಮೆಂಟಿನಲ್ಲಿ ಸಂಸ್ಥೆಯ ಹೆಸರು ಕಾಣುತ್ತದೆ ಎಂದು ಮೊದಲೇ ತಿಳಿಸಿ. ಹಾಗೆಂದು ಹೆಸರೇ ಇಲ್ಲದ ದೇಣಿಗೆ ಪೆಟ್ಟಿಗೆ ನೆಚ್ಚಿಕೊಳ್ಳಬೇಡಿ. ದಾನಿಯ ಹೆಸರು, ವಿಳಾಸ ನಿಮ್ಮ ದಾಖಲೆಯಲ್ಲಿ ಇಲ್ಲದ ಹಣ ಒಂದು ಮಿತಿ ದಾಟಿದರೆ 30% ತೆರಿಗೆ ಬೀಳುತ್ತದೆ. ದಾಖಲೆಯಲ್ಲಿ ಹೆಸರಿರಲಿ, ವಾರ್ಷಿಕ ವರದಿಯಲ್ಲಿ ಬೇಡ. "ನಿಮ್ಮ ಹೆಸರನ್ನು ಎಲ್ಲೂ ಪ್ರಕಟಿಸುವುದಿಲ್ಲ" ಎಂದು ರಸೀದಿಯಲ್ಲೇ ಬರೆಯಿರಿ.

ತೆರಿಗೆ ವಿನಾಯಿತಿ ಎಂಬ ಒಂದೇ ಕಾರಣ ಮುಂದಿಟ್ಟು ಕೇಳುವುದು ಈಗ ಅಷ್ಟು ಫಲ ಕೊಡುವುದಿಲ್ಲ. ಹೊಸ ತೆರಿಗೆ ಪದ್ಧತಿ ಆರಿಸಿಕೊಂಡವರಿಗೆ ಜನ 80ಜಿ ಎಂದು ಕರೆಯುವ ವಿನಾಯಿತಿ ಸಿಗುವುದಿಲ್ಲ. ಹಳೆ ಪದ್ಧತಿಯವರಿಗೂ 2,000 ರೂಪಾಯಿ ಮೀರಿದ ನಗದಿಗೆ ಇಲ್ಲ. ಅದರ ಬದಲು ಹಣ ಏನು ಮಾಡುತ್ತದೆ ಎಂದು ಹೇಳಿ: ಇಷ್ಟು ಕೊಟ್ಟರೆ ಒಂದು ದಿನದ ಬಾಡಿಗೆ, ಇಷ್ಟಕ್ಕೆ ಮನೆ ಬಿಟ್ಟು ಬಂದವರೊಬ್ಬರ ಊಟ ಮತ್ತು ಬಸ್ಸು. ಆದರೆ ಮನವಿಗಾಗಿ ಸಮುದಾಯದವರ ಫೋಟೋ, ಕಣ್ಣೀರಿನ ಕಥೆ ಹಾಕಬೇಡಿ. ಸಹಾಯ ಪಡೆಯುತ್ತಿರುವವರಿಗೆ ಬೇಡ ಎನ್ನುವ ಧೈರ್ಯ ಇರುವುದಿಲ್ಲ. ಒಂದು ಫೋಟೋ ಊರಿನ ವಾಟ್ಸಾಪ್ ಗುಂಪಿಗೆ ಹೋದರೆ ವಾಪಸ್ ತರಲು ಆಗುವುದಿಲ್ಲ.

ಹೊರದೇಶದಲ್ಲಿರುವ ಕನ್ನಡಿಗರೂ ಕೊಡಲು ಮುಂದೆ ಬರುತ್ತಾರೆ. ಭಾರತದ ಪಾಸ್‌ಪೋರ್ಟ್ ಇರುವವರು ತಮ್ಮ ಸ್ವಂತ ಸಂಪಾದನೆಯಿಂದ ಬ್ಯಾಂಕ್ ಮೂಲಕ ಕೊಟ್ಟರೆ ಅದು ವಿದೇಶಿ ದೇಣಿಗೆ ಆಗುವುದಿಲ್ಲ, ಪಾಸ್‌ಪೋರ್ಟ್ ಪ್ರತಿ ಇಟ್ಟುಕೊಳ್ಳಿ. ಅಲ್ಲಿನ ಪೌರತ್ವ ಪಡೆದವರು, ಒಸಿಐ (ಸಾಗರೋತ್ತರ ಭಾರತೀಯ) ಕಾರ್ಡ್ ಇದ್ದರೂ, ವಿದೇಶಿಯರ ಲೆಕ್ಕ. ಎಫ್‌ಸಿಆರ್‌ಎ ನೋಂದಣಿ ಇಲ್ಲದಿದ್ದರೆ ಅವರಿಂದ ನೂರು ರೂಪಾಯಿಯನ್ನೂ ತೆಗೆದುಕೊಳ್ಳಬೇಡಿ. ನೋಂದಣಿ ಇದ್ದರೆ ದೆಹಲಿಯ ಎಸ್‌ಬಿಐ ಮುಖ್ಯ ಶಾಖೆಯ ಖಾತೆಗೇ ಮೊದಲು ಬರಬೇಕು.

ಇನ್ನು ಕಂಪನಿಗಳು. ಜೂನ್ ಬಂದರೆ ಬೆಂಗಳೂರಿನ ಕಚೇರಿಗಳಲ್ಲಿ ಕಾಮನಬಿಲ್ಲಿನ ಬಾವುಟ ಏರುತ್ತದೆ, ನಿಮ್ಮನ್ನು ಭಾಷಣಕ್ಕೆ ಕರೆಯುತ್ತಾರೆ. ಪುಕ್ಕಟೆ ಹೋಗಬೇಡಿ. ಅರಿವು ತರಬೇತಿಗೆ ಫೀಸ್ ಹೇಳಿ, ಮಾತಾಡಿದ ಸದಸ್ಯರಿಗೂ ಅದರಲ್ಲಿ ಪಾಲು ಕೊಡಿ. ಜೋಗತಿ ನೃತ್ಯದ ಮಂಜಮ್ಮ ಜೋಗತಿಯವರಿಗೆ 2021ರಲ್ಲಿ ಪದ್ಮಶ್ರೀ ಬಂದ ನಾಡು ನಮ್ಮದು. ಸಮುದಾಯದ ಕಲಾವಿದರನ್ನು ಊಟ ಹಾಕಿ ಕಳಿಸುವುದು ಸಲ್ಲದು. ಇಂಥ ಸಂಪಾದನೆ ಬೆಳೆದರೆ ಆಡಿಟರ್‌ಗೆ ಹೇಳಿ, ಕೆಲವು ಬಗೆಯ ಟ್ರಸ್ಟ್‌ಗಳಿಗೆ ಒಟ್ಟು ಆದಾಯದ 20% ಮಿತಿ ಇದೆ. ಸಿಎಸ್‌ಆರ್ ಹಣ, ಅಂದರೆ ಕಂಪನಿಗಳು ಸಾಮಾಜಿಕ ಕೆಲಸಕ್ಕೆ ಕೊಡುವ ಹಣ, ಬೇಕೆಂದರೆ 12ಎ (ಸಂಸ್ಥೆಯ ಆದಾಯಕ್ಕೆ ತೆರಿಗೆ ವಿನಾಯಿತಿ), 80ಜಿ, ಸಿಎಸ್‌ಆರ್-1 ನೋಂದಣಿ ಮತ್ತು ಮೂರು ವರ್ಷದ ಕೆಲಸದ ದಾಖಲೆ ಕೇಳುತ್ತಾರೆ. ಬರುವ ಹೊತ್ತಿಗೆ ತಿಂಗಳುಗಳು ಕಳೆಯುತ್ತವೆ, ಇಂದಿನ ಬಾಡಿಗೆಗೆ ಅದನ್ನು ನಂಬಬೇಡಿ.

ಸರ್ಕಾರದ ಹಣವನ್ನು ನೇರವಾಗಿ ಸದಸ್ಯರಿಗೇ ಕೊಡಿಸುವುದು ಉತ್ತಮ. ಟ್ರಾನ್ಸ್‌ಜೆಂಡರ್ ಜನರಿಗೆ ರಾಜ್ಯ ಸರ್ಕಾರ ಕೊಡುವ ಮೈತ್ರಿ ಮಾಸಾಶನ, ಮಹಿಳಾ ಅಭಿವೃದ್ಧಿ ನಿಗಮದಿಂದ ಲಿಂಗತ್ವ ಅಲ್ಪಸಂಖ್ಯಾತರಿಗಿರುವ ನೆರವು, ಜಿಲ್ಲಾಧಿಕಾರಿ ಕೊಡುವ ಗುರುತಿನ ಪ್ರಮಾಣಪತ್ರ, ಇವಕ್ಕೆ ವಾರಕ್ಕೊಂದು ದಿನ ಕೂತು ಅರ್ಜಿ ತುಂಬಿಸಿ. ಒಬ್ಬರ ಕೈಗೆ ತಿಂಗಳ ಹಣ ಬಂದರೆ ನಿಮ್ಮ ತುರ್ತು ನಿಧಿಯ ಮೇಲಿನ ಭಾರ ಅಷ್ಟು ಇಳಿಯುತ್ತದೆ. ಕೇಂದ್ರ ಸರ್ಕಾರದ ಗರಿಮಾ ಗೃಹದಂಥ ಆಸರೆಮನೆ ಯೋಜನೆ ಸಿಕ್ಕರೆ ಒಳ್ಳೆಯದೇ, ಆದರೆ ದೇಶದ ಹಲವು ಗರಿಮಾ ಗೃಹಗಳು ಕಂತು ತಡವಾಗಿ ಬಾಡಿಗೆ, ರೇಷನ್ನಿಗೆ ಪರದಾಡಿವೆ. ಕೆಲವು ತಿಂಗಳು ಕೈಯಿಂದ ನಡೆಸುವ ಶಕ್ತಿ ಇಲ್ಲದೆ ಕೈ ಹಾಕಬೇಡಿ.

ಸಾಲ? ಮೀಟರ್ ಬಡ್ಡಿಗೆ ಬೇಡವೇ ಬೇಡ. ಟ್ರಸ್ಟಿಯೊಬ್ಬರ ಒಡವೆ ಅಡವಿಟ್ಟು ಸಂಬಳ ಕೊಡುವುದೂ ಬೇಡ.

ಹಂತ 6: ಕಾಗದಪತ್ರ

ಕಷ್ಟದ ವರ್ಷದಲ್ಲಿ ಮೊದಲು ತಪ್ಪುವುದು ಆಡಿಟ್ ಫೀಸು. ಅದೇ ಆಮೇಲೆ ಎಲ್ಲ ಬಾಗಿಲು ಮುಚ್ಚಿಸುತ್ತದೆ. ದೇಣಿಗೆಗಳ ಪಟ್ಟಿ ಮೇ 31ರೊಳಗೆ, ಎಫ್‌ಸಿಆರ್‌ಎ ವಾರ್ಷಿಕ ವರದಿ ಡಿಸೆಂಬರ್ 31ರೊಳಗೆ, ಸಂಘವಾದರೆ ನೋಂದಣಾಧಿಕಾರಿಗೆ ವರ್ಷದ ಲೆಕ್ಕ. 12ಎ, 80ಜಿ, ಎಫ್‌ಸಿಆರ್‌ಎಗೆ ಅವಧಿ ಇದೆ, ಮುಗಿಯುವ ದಿನವನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಬರೆದಿಡಿ. 2026ರ ಏಪ್ರಿಲ್‌ನಿಂದ ಹೊಸ ಆದಾಯ ತೆರಿಗೆ ಕಾಯ್ದೆ ಬಂದಿರುವುದರಿಂದ ಸೆಕ್ಷನ್, ಫಾರಂ ನಂಬರ್‌ಗಳನ್ನು ಆಡಿಟರ್ ಹತ್ತಿರ ಕೇಳಿ ಖಚಿತ ಮಾಡಿಕೊಳ್ಳಿ. ಫೀಸ್ ಕಡಿಮೆ ಮಾಡಿ ಎಂದು ಕೇಳಲು ಸಂಕೋಚ ಬೇಡ, ಬಹಳ ಜನ ಒಪ್ಪುತ್ತಾರೆ.

ಹಂತ 7: ಮುಚ್ಚಲೇಬೇಕಾದರೆ

ಈ ನಿರ್ಧಾರ ಕೈಯಲ್ಲಿ ಎರಡು ಮೂರು ತಿಂಗಳ ಹಣ ಇರುವಾಗಲೇ ಆಗಬೇಕು. ಪೂರ್ತಿ ಬರಿಗೈಯಾದ ಮೇಲೆ ಮುಚ್ಚಿದರೆ ಸಂಬಳ ಬಾಕಿ ಉಳಿಯುತ್ತದೆ, ಕೇಸ್‌ಗಳು ನಡುನೀರಿನಲ್ಲಿ ನಿಲ್ಲುತ್ತವೆ. ಮೊದಲು ಕೆಲಸಗಾರರ ಲೆಕ್ಕ ಚುಕ್ತಾ ಮಾಡಿ, ಅನುಭವದ ಪತ್ರ ಕೊಡಿ. ಕೋರ್ಟಿನಲ್ಲಿರುವ, ಔಷಧಿ ತೆಗೆದುಕೊಳ್ಳುತ್ತಿರುವ, ಮನೆಯವರಿಂದ ಅಪಾಯ ಇರುವ ಪ್ರತಿಯೊಬ್ಬರನ್ನೂ ಅವರ ಒಪ್ಪಿಗೆ ಪಡೆದು ಇನ್ನೊಂದು ಸಂಸ್ಥೆಗೆ ಮುಖಾಮುಖಿ ಪರಿಚಯಿಸಿ. ಚೀಟಿಯಲ್ಲಿ ನಂಬರ್ ಬರೆದುಕೊಟ್ಟರೆ ಸಾಲದು, ಜೊತೆಗೆ ಹೋಗಿ. ಟ್ರಸ್ಟ್ ವಿಸರ್ಜಿಸುವುದಾದರೆ ಉಳಿದ ಆಸ್ತಿ ಅದೇ ಉದ್ದೇಶದ ಸಂಸ್ಥೆಗೆ ಹೋಗಬೇಕು. ಟ್ರಸ್ಟ್ ಡೀಡ್‌ನ ಆ ಕಲಮು ಓದಿ.

ಆದರೆ ವಿಸರ್ಜನೆಗೆ ಅವಸರ ಮಾಡಬೇಡಿ ಎಂಬುದು ನನ್ನ ಸಲಹೆ. ಕಟ್ಟಡ ಬಿಟ್ಟು ಸಂಸ್ಥೆ ಉಳಿಸಿಕೊಳ್ಳಬಹುದು. ಬೆಂಗಳೂರಿನ ಎಲ್‌ಜಿಬಿಟಿ ಜನರ ಗುಡ್ ಆಸ್ ಯು ಬಳಗ 1994ರಲ್ಲಿ ಶುರುವಾದಾಗ ಅದನ್ನು ನಡೆಸಿದವರು ಸ್ವಯಂಸೇವಕರು. ಹೈದರಾಬಾದಿನ ಮಿತ್ರ್ ಕ್ಲಿನಿಕ್ ಕೂಡ ಮುಚ್ಚಿದ ಕೆಲವೇ ತಿಂಗಳಲ್ಲಿ ಟಾಟಾ ಟ್ರಸ್ಟ್ಸ್ ನೆರವಿನಿಂದ ಸಬ್‌ರಂಗ್ ಎಂಬ ಹೆಸರಿನಲ್ಲಿ ಮತ್ತೆ ತೆರೆಯಿತು. ಹಾಗೆ ಮತ್ತೆ ತೆರೆಯುವ ದಿನಕ್ಕಾಗಿ ಇಷ್ಟನ್ನು ಉಳಿಸಿಕೊಳ್ಳಿ: ಚಾಲ್ತಿಯಲ್ಲಿರುವ ನೋಂದಣಿ, ಕನಿಷ್ಠ ಮೊತ್ತ ಇರುವ ಬ್ಯಾಂಕ್ ಖಾತೆ, ಬೀಗ ಹಾಕಿದ ಕಡತಗಳು ಮತ್ತು ಅವುಗಳ ಕೀ ಯಾರ ಹತ್ತಿರ ಇದೆ ಎಂಬ ಬರಹ, ಸರದಿಯ ಮೇಲೆ ಇಬ್ಬರು ಎತ್ತುವ ಸಹಾಯವಾಣಿ, ತಿಂಗಳಿಗೊಮ್ಮೆ ಯಾವುದಾದರೂ ಸಂಘದ ಹಾಲ್‌ನಲ್ಲಿ ನಿಗದಿಯಾದ ಭಾನುವಾರದ ಸಭೆ. ಸಭೆಯ ದಿನ ಮತ್ತು ಜಾಗವನ್ನು ಮುಚ್ಚಿದ ಕೇಂದ್ರದ ಬಾಗಿಲಿಗೆ ಅಂಟಿಸಬೇಡಿ, ಬಂದವರನ್ನು ಯಾರು ಗಮನಿಸುತ್ತಿದ್ದಾರೋ ಹೇಳಲಾಗದು. ಅಲ್ಲಿ ಫೋನ್ ನಂಬರ್ ಮಾತ್ರ ಇರಲಿ.